ಕೆರೆಯ ಗುಳ್ಳೆಗೆ ಮನೆ ನೆನಪಾದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಆಕಾಶ ನೀಲಿಯಾಗಿರಲಿಲ್ಲ, ಮಾಗಿದ ಪರಂಗಿ ಹಣ್ಣಿನ ಬಣ್ಣಕ್ಕಿತ್ತು. ನೀನು ನೋಡಿದ್ದೀಯಾ ಅಜ್ಜಿ ಅಂತ ಕೇಳಬೇಡ. ನೋಡಿದವರು ಕೆರೆಗೆ ಹೇಳಿದರು, ಕೆರೆ ನನಗೆ ಹೇಳಿತು.

ಆ ಆಕಾಶದ ಕೆಳಗೆ ಸಣ್ಣವರು ಎಂಬ ಜನ ಇದ್ದರು. ಒಂದು ಸಾಸಿವೆ ಕಾಳಿನ ಮೇಲೆ ಸಾವಿರ ಮಂದಿ ಕೂತರೂ ಜಾಗ ಮಿಗುತ್ತಿತ್ತು, ಅಷ್ಟು ಸಣ್ಣವರು. ಇಡೀ ಆಕಾಶ ಅವರ ಮನೆಯಾಗಿತ್ತು.

ಒಂದು ದಿನ ಹಸಿರು ಪಾಚಿ ಬಂದಳು. ಬಿಸಿಲು ಕುಡಿದಳು, ಹೊಸ ಗಾಳಿ ಬಿಟ್ಟಳು. ನಿನಗೂ ನನಗೂ ಈಗ ಅದೇ ಉಸಿರು. ಸಣ್ಣವರಿಗೆ ಮಾತ್ರ ಅದು ವಿಷ.

ಅವರೆಲ್ಲ ಕೆರೆಯಮ್ಮನ ಬಳಿಗೆ ಓಡಿ ಬಂದರು. "ನಮ್ಮನ್ನ ಬಚ್ಚಿಡವ್ವಾ!"

ಕೆರೆಯಮ್ಮ ಕೆಸರಿನ ಸೆರಗು ಎತ್ತಿದಳು. "ಬನ್ನಿ ಮಕ್ಕಳೇ. ಆ ಗಾಳಿ ಇಲ್ಲಿಗೆ ಬರಾಕಿಲ್ಲ. ಉದುರಿದ ಎಲೆ ತಿನ್ಕೊಂಡು ಇರಿ. ಮೇಲಕ್ಕೆ ಮಾತ್ರ ಹೋಗ್ಬ್ಯಾಡಿ, ಸತ್ತೋಯ್ತೀರ."

ಎಲ್ಲರಿಗಿಂತ ಕಿರಿಯಳು ಅತ್ತಳು. "ಹಂಗಾದ್ರೆ ನಮ್ಮನೇನ ಇನ್ಯಾವತ್ತೂ ನೋಡಂಗಿಲ್ವಾ?"

ಕೆರೆಯಮ್ಮ ಅವಳ ತಲೆ ಸವರಿದಳು. "ನೀನು ಹೋಗ್ಬ್ಯಾಡ ಕಂದಾ, ನಿನ್ನ ಉಸಿರು ಕಳ್ಸು. ಅದಾದ್ರೂ ಮನೆ ಸೇರ್ಕೊಳ್ಳಲಿ."

ಕಿರಿಯಳು ಉಸಿರು ಬಿಟ್ಟಳು. ಗುಳುಗುಳು! ಗುಳ್ಳೆ ಹೊರಟಿತು. ಕೆಸರಿನ ಬಾಗಿಲಲ್ಲಿ ಕಾವಲಿನವರಿದ್ದರು, ಇವರಷ್ಟೇ ಸಣ್ಣವರು, ಆದರೆ ಹೊಸ ಗಾಳಿಗೆ ಹೆದರದವರು. ಅವರಿಗೆ ಆ ಉಸಿರೇ ಊಟ. ಸಿಕ್ಕಿದಷ್ಟು ತಿಂದರು, ತಪ್ಪಿಸಿಕೊಂಡದ್ದು ಆಕಾಶ ಸೇರಿತು. ಹಳೇ ಮಗು ಮನೆಗೆ ಬಂತು ಎಂದು ಆಕಾಶ ಕಂಬಳಿ ಹೊದ್ದಂತೆ ಬೆಚ್ಚಗಾಯಿತು.

ಎಲೆ ಉದುರುತ್ತಲೇ ಹೋಯಿತು. ಹೂಳು ಏರುತ್ತಲೇ ಹೋಯಿತು. ಗುಳ್ಳೆ ಏಳುತ್ತಲೇ ಹೋಯಿತು. ಆಕಾಶದ ಕಂಬಳಿ ದಪ್ಪವಾಗಿ ಕೆಳಗೆಲ್ಲ ಸೆಕೆ.

ಮೀನುಗಳು ಬಾಯಿ ಬಿಟ್ಟವು. "ನಿನ್ನ ಮಕ್ಕಳ ಮನೆ ಹಂಬಲಕ್ಕೆ ನಾವು ಬೇಯ್ಬೇಕಾ ಕೆರೆಯಮ್ಮಾ?"

ಕೆರೆಯಮ್ಮನಿಗೆ ಇವರೂ ಮಕ್ಕಳು, ಅವರೂ ಮಕ್ಕಳು.

ಆಗ ಮೀನು ಹಿಡಿಯುವ ಬೋರಣ್ಣ ದಡಕ್ಕೆ ಬಂದ. ಗುಳ್ಳೆ ಕಂಡದ್ದೇ ತಡ, "ಅಗೋ, ಭಾರಿ ಮೀನು ಉಸ್ರಾಡ್ತೈತೆ!" ಎಂದು ಬಲೆ ಬೀಸಿದ. ಸಿಕ್ಕಿದ್ದು ಬಲೆ ತುಂಬ ಕೊಳೆತ ಎಲೆ, ಕಪ್ಪು ಕೆಸರು.

ಹೆಂಡತಿ ಕೆಂಪಿ ನಕ್ಕಳು. "ಇವತ್ತು ಗುಳ್ಳೆ ಸಾರು ಮಾಡ್ಲಾ?"

ಬೋರಣ್ಣ ಸಿಟ್ಟಿನಲ್ಲಿ ಆ ಕೆಸರನ್ನು ಅವಳ ಕುಂಬಳದ ಪಾತಿಗೆ ಸುರಿದ. ಆ ವರ್ಷ ಅವಳ ಒಂದೊಂದು ಕುಂಬಳಕಾಯಿ ಎತ್ತಲು ಇಬ್ಬಿಬ್ಬರು ಬೇಕಾದರು!

ಸುದ್ದಿ ಹಬ್ಬಿತು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿಗೆ ಊರೇ ಬಂದು ಹೂಳೆತ್ತಿ ಹೊಲಕ್ಕೆ ಹಾಕಿತು. "ಎಲ್ಲಾ ಬಾಚ್ಬ್ಯಾಡ್ರಪ್ಪಾ, ತಳದಾಗೆ ಒಂದು ಗೇಣು ಬಿಡಿ. ನನ್ನ ಸಣ್ಣವರವ್ರೆ," ಎಂದಳು ಕೆರೆಯಮ್ಮ. ಜನ ಬಿಟ್ಟರು. ತಿನ್ನಲು ಎಲೆ ಕಡಿಮೆಯಾಯಿತು, ಗುಳ್ಳೆಯೂ ಕಡಿಮೆಯಾಯಿತು. ಎದ್ದವನ್ನು ಹೆಚ್ಚುಪಾಲು ಕಾವಲಿನವರೇ ತಿಂದು ಮುಗಿಸಿದರು. ಮೀನುಗಳು ತಣ್ಣಗೆ ಈಜಿದವು.

ಆ ಹೂಳನ್ನು ನಾನೂ ಹೊತ್ತಿದ್ದೇನೆ ಮಗಾ. ತಲೆಯ ಮೇಲೆ ಮಂಕರಿ, ಕುತ್ತಿಗೆಗೆ ಇಳಿಯುವ ತಣ್ಣನೆ ಕೆಸರುನೀರು, ಹಿಂದಿನಿಂದ ನಿನ್ನ ಮುತ್ತಜ್ಜಿಯ ಹಾಡು. ತಳ ಬಂದಾಗ ಅವಳು ತನ್ನ ಗೇಣಿನಿಂದಲೇ ಅಳೆದು "ಸಾಕು ಬಿಡ್ರೇ" ಅನ್ನುತ್ತಿದ್ದಳು. ಆ ದಿನ ಇನ್ನೊಮ್ಮೆ ಬಂದರೆ ಈ ಮಂಡಿನೋವಿನಲ್ಲೂ ಓಡುತ್ತೇನೆ.

ಈಗ ಯಾರೂ ಮಂಕರಿ ಹಿಡಿಯುವುದಿಲ್ಲ. ಹೂಳು ತೆಗೆಯುವುದನ್ನು ಬಿಟ್ಟೆವು, ಊರಿನ ಕೊಚ್ಚೆಯನ್ನೂ ಕೆರೆಗೇ ಬಿಟ್ಟೆವು. ಸಣ್ಣವರಿಗೆ ದಿನವೂ ಹಬ್ಬದೂಟ, ನಮಗೆ ಸೆಕೆ. ಮಾಡಿದ್ದುಣ್ಣೋ ಮಹರಾಯ.

ನಿನ್ನೆ ನೀನು ಕೆರೆಗೆ ಕೋಲು ಊರಿದಾಗ ಗುಳುಗುಳು ಎಂದಿತಲ್ಲ, ನೀನು ಕೈ ತಟ್ಟಿ ನಕ್ಕೆಯಲ್ಲ? ಅದಕ್ಕೇ ಕಣೇ ಇವತ್ತಿಗೂ ಕೆರೆಯಲ್ಲಿ ಗುಳ್ಳೆ ಏಳುವುದು, ಕೆಳಗೆ ಕತ್ತಲಲ್ಲಿ ಕೂತ ಆ ಕಿರಿಯಳಿಗೆ ಇನ್ನೂ ಮನೆ ಮರೆತಿಲ್ಲ.