ತವರಿನ ಮಾವಿನ ವಾಟೆ

"ಬುದ್ಧಿ, ನಿಮ್ಮ ಬಳಿ ಇಷ್ಟು ವರ್ಷ ಕಲಿತೂ ನಾನು ಯಾಕೆ ನಿಮ್ಮಂತೆ ಆಗಲಿಲ್ಲ?"

ಶಿಷ್ಯ ಗುರುಮಲ್ಲ ಹೀಗೆ ಕೇಳಿದಾಗ ಗುರುಗಳು ಮಠದ ಹಿತ್ತಲಿನಲ್ಲಿ ಟೊಮೇಟೊ ಗಿಡಗಳಿಗೆ ಕೋಲು ಊರಿ ಕಟ್ಟುತ್ತಿದ್ದರು. ಮರುದಿನ ಗುರುಮಲ್ಲ ಹೊಳೆಯಾಚೆಯ ಊರಿಗೆ ಹೊರಡಬೇಕಿತ್ತು. ಅಲ್ಲಿನ ಸಣ್ಣ ಮಠವನ್ನು ನೋಡಿಕೊಳ್ಳಲು ಗುರುಗಳು ಅವನನ್ನೇ ಆರಿಸಿದ್ದರು. ಅವನಿಗೆ ಹೋಗುವ ಧೈರ್ಯವಿರಲಿಲ್ಲ.

"ಆ ಊರಿನವರು ನಿಮ್ಮ ಮಾತು ಕೇಳಿದವರು," ಎಂದ ಅವನು. "ನಾನು ಬಾಯಿ ತೆರೆದರೆ ಅದು ನಿಮ್ಮ ಮಾತಿನ ಹಾಗಿರುವುದಿಲ್ಲ. ಮೊನ್ನೆ ಮೊನ್ನೆ ಬಂದ ರೇಚಣ್ಣನನ್ನು ನೋಡಿ. ಕಣ್ಣು ಮುಚ್ಚಿ ಕೇಳಿದರೆ ನೀವೇ ಕೂತು ಹೇಳಿದಂತಿರುತ್ತದೆ. ಅವನನ್ನೇ ಕಳಿಸಿ ಬುದ್ಧಿ. ನಾನು ಹೋದರೆ ನಿಮ್ಮ ಹೆಸರು ಕೆಡುತ್ತದೆ."

ಗುರುಗಳು ನಕ್ಕರು. "ನನ್ನ ಹೆಸರಿನ ಚಿಂತೆ ನನಗೇ ಇಲ್ಲ, ನಿನಗೆ ಯಾಕಪ್ಪ? ಆ ದಾರದ ಉಂಡೆ ಇತ್ತ ಕೊಡು. ಕೂತು ಒಂದು ಕತೆ ಕೇಳು."

ಗುರುಮಲ್ಲ ಕೂತ. ಗುರುಗಳು ಗಿಡ ಕಟ್ಟುತ್ತಲೇ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬಳು ನೇಯ್ಗೆಯವಳು ಇದ್ದಳು. ಅವಳ ತವರು ದೂರದ ಊರು. ತವರಿನ ಹಿತ್ತಲಿನಲ್ಲಿ ಅವಳ ತಾಯಿ ಎರಡನ್ನು ಬೆಳೆಸಿದ್ದಳು. ಒಂದು, ನಾಟಿ ಟೊಮೇಟೊ. ಇನ್ನೊಂದು, ಮಾವು. ಮಾವಿನದು ಒಂದೇ ಮರ. ಅದರ ಹಣ್ಣು ಮಾಗಿದರೂ ಸಿಪ್ಪೆ ಹಸಿರಾಗಿಯೇ ಇರುತ್ತಿತ್ತು. ಕೊಯ್ದರೆ ಒಳಗೆ ಅರಿಸಿನದ ಬಣ್ಣ. ನಾರು ಎನ್ನುವುದೇ ಇಲ್ಲ. ಅಂಥ ಹಣ್ಣು ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ.

ಮಾವಿನ ಕಾಲದಲ್ಲೇ ತಾಯಿ ತೀರಿಕೊಂಡಳು. ಚಿತೆಗೆ ಮಾವಿನ ಮರ ಕಡಿಯುವುದು ಆ ಊರಿನ ವಾಡಿಕೆ. ಅವಳ ಮರವನ್ನೇ ಕಡಿದರು. ಮಗಳು ಬಂದು ಮುಟ್ಟುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಮರವೂ ಇರಲಿಲ್ಲ. ಕಡಿದು ಚೆಲ್ಲಿದ ಸೊಪ್ಪಿನ ಅಡಿಯಲ್ಲಿ ಒಂದು ಹಣ್ಣು ಸಿಕ್ಕಿತು. ಅದನ್ನು ತಿಂದು, ವಾಟೆಯನ್ನು ಬಿಸಾಡದೆ ಸೆರಗಿನಲ್ಲಿ ಕಟ್ಟಿಕೊಂಡಳು. ಅಡುಗೆಮನೆಯ ಗೂಡಿನಲ್ಲಿ ಟೊಮೇಟೊ ಬೀಜದ ಗಂಟು ಇತ್ತು. ಬೂದಿಯಲ್ಲಿ ಕಲಸಿ ಒಣಗಿಸಿ ತಾಯಿಯೇ ಕಟ್ಟಿಟ್ಟದ್ದು. ಅದನ್ನೂ ತಂದಳು.

ಅವಳ ಹಿತ್ತಲು ಅಂಗೈಯಗಲ. ಬಿಸಿಲು ಬೀಳುವ ಜಾಗ ಒಂದೇ. ಎರಡನ್ನೂ ಅಲ್ಲೇ ನೆಡಲು ಹೊರಟಾಗ ಗಂಡ ತಡೆದ.

"ಇಷ್ಟು ಜಾಗದಲ್ಲಿ ಮರ ಯಾಕೆ? ಟಮೋಟ ಆದ್ರೆ ಈ ವರ್ಷವೇ ಸಾರಿಗಾಗುತ್ತೆ. ಮಾವು ಎದ್ರೆ ಬಿಸಿಲೂ ಇಲ್ಲ, ಟಮೋಟಾನೂ ಇಲ್ಲ."

"ಅವ್ವನ ಹಣ್ಣು ಇನ್ನೊಂದ್ಸಲ ತಿನ್ಬೇಕು ಕಣ್ರೀ. ಅಷ್ಟೇ."

ಗಂಡ ಹಾರೆ ತಂದ. ಅವನು ಒಳ್ಳೆಯವನು. ತಾನೇ ಗುಂಡಿ ತೋಡಿಕೊಟ್ಟ.

ಟೊಮೇಟೊ ಅವಳನ್ನು ಹೆಚ್ಚು ದಿನ ಕಾಯಿಸಲಿಲ್ಲ. ಮಳೆಗಾಲ ಕಳೆಯುವುದರೊಳಗೆ ಹಣ್ಣಾಯಿತು. ಅವಳು ಮೊದಲ ಹಣ್ಣುಗಳನ್ನು ಕಿವುಚಿ ಸಾರು ಮಾಡಿದಳು. ಒಂದು ತುತ್ತು ಬಾಯಿಗಿಟ್ಟವಳೇ ಗಳಗಳ ಅತ್ತುಬಿಟ್ಟಳು. ಅದೇ ಹುಳಿ, ಅದೇ ಘಮ. ತಾಯಿ ಪಕ್ಕದಲ್ಲಿ ನಿಂತು ಬಡಿಸಿದ ಹಾಗಿತ್ತು.

ಟೊಮೇಟೊವನ್ನು ಹಗುರವಾಗಿ ಕಾಣಬೇಡ ಗುರುಮಲ್ಲ. ಗಿಡವೇನೋ ಒಂದು ಹಂಗಾಮಿಗೆ ಒಣಗಿಹೋಗುತ್ತದೆ. ಆದರೆ ಹೋಗುವ ಮೊದಲು ತನಗೆ ಬಂದ ರುಚಿಯನ್ನು ಚೂರೂ ಚೆಲ್ಲದೆ ಬೀಜದೊಳಗೆ ಇಟ್ಟು ಹೋಗುತ್ತದೆ. ಉಫ್ ಎಂದರೆ ಹಾರಿಹೋಗುವ ಬೀಜ. ಅಷ್ಟರಲ್ಲಿ ಒಬ್ಬ ತಾಯಿಯ ಅಡುಗೆಮನೆ ಪೂರ್ತಿ ಇರುತ್ತದೆ. ನೆನೆದರೆ ನನಗೆ ಕೈ ಮುಗಿಯೋಣ ಎನಿಸುತ್ತದೆ.

ಆ ಹೆಂಗಸು ತಪ್ಪಿದ್ದು ಅಲ್ಲೇ. ಇಷ್ಟು ಸಣ್ಣ ಬೀಜವೇ ಮಾತು ಉಳಿಸಿಕೊಂಡ ಮೇಲೆ ಅಷ್ಟು ದೊಡ್ಡ ವಾಟೆ ಕೈಕೊಡುತ್ತದೆಯೇ ಎಂದುಕೊಂಡಳು.

ಮಾವಿನ ಗಿಡ ಮೇಲೆದ್ದಿತು. ಅವಳಿಗೆ ಒಬ್ಬಳು ಮಗಳೂ ಹುಟ್ಟಿದಳು. ಗಿಡ ಮರವಾದಂತೆಲ್ಲ ನೆರಳು ಹಬ್ಬಿತು. ಅವಳು ಟೊಮೇಟೊವನ್ನು ಮೊದಲು ಗೋಡೆಯ ಬುಡಕ್ಕೆ ಸರಿಸಿದಳು, ಆಮೇಲೆ ಬೇಲಿಯ ಅಂಚಿಗೆ, ಕೊನೆಗೆ ಒಡೆದ ಮಡಕೆಗಳಿಗೆ. ಬಿಸಿಲಿಲ್ಲದೆ ಗಿಡಗಳು ಸೊರಗಿದವು. ಸಾರಿನ ಮಾತು ಹಾಗಿರಲಿ, ಬೀಜಕ್ಕೆ ಹಣ್ಣು ಉಳಿದರೆ ಸಾಕು ಎನ್ನುವಂತಾಯಿತು. ಅಮ್ಮನ ರುಚಿಗಾಗಿ ಅವಳು ಅಮ್ಮನ ರುಚಿಯನ್ನೇ ಪಣಕ್ಕಿಟ್ಟಿದ್ದಳು. ಬರಲಿರುವ ಹಣ್ಣಿನ ಆಸೆಯಲ್ಲಿ ಅದು ಅವಳಿಗೆ ಕಾಣಲಿಲ್ಲ.

ಒಂದು ಬೇಸಿಗೆ ಮರ ಕಾಯಿ ಬಿಟ್ಟಿತು. ಅವಳು ಕಾಯಿಗಳನ್ನು ಹುಲ್ಲಿನಲ್ಲಿಟ್ಟು ಕಾದಳು. ಹುಲ್ಲು ಸರಿಸಿದ ದಿನ ಹಣ್ಣು ಹಸಿರಾಗಿರಲಿಲ್ಲ. ಹಳದಿಯಾಗಿತ್ತು, ತೊಟ್ಟಿನ ಬಳಿ ಕೆಂಪು. ಕೊಯ್ದು ತಿಂದಳು. ನಾರಿತ್ತು. ಸಿಹಿಯ ಹಿಂದೆಯೇ ಒಂದು ಹುಳಿ ಬಂತು. ಹಣ್ಣು ಕೆಟ್ಟದ್ದಲ್ಲ, ಆದರೆ ತಾಯಿಯದಲ್ಲ. ಅವಳಿಗೆ ತಾಯಿ ಇನ್ನೊಮ್ಮೆ ಸತ್ತಂತಾಯಿತು.

ಕಸಿ ಕಟ್ಟಬಹುದಿತ್ತಲ್ಲ ಎಂದು ನೀನು ಕೇಳಬೇಡ. ಕಸಿಗೆ ತಾಯಿಮರದ ಕೊಂಬೆ ಬೇಕು. ತಾಯಿಮರ ಬೂದಿಯಾಗಿ ಎಷ್ಟೋ ವರ್ಷವಾಗಿತ್ತು.

ಅವಳು ಗಂಡನಿಗೆ, "ಕಡಿದುಹಾಕಿ. ಟಮೋಟಾನಾದ್ರೂ ಉಳೀಲಿ," ಎಂದಳು. ಗಂಡ ಕೊಡಲಿ ತಂದ.

ಅದೇ ಹೊತ್ತಿಗೆ ಅವಳ ದೊಡ್ಡವ್ವ, ಎಂದರೆ ತಾಯಿಯ ಅಕ್ಕ, ಅವಳನ್ನು ನೋಡಿಕೊಂಡು ಹೋಗಲು ಬಂದಳು. ಹಲ್ಲಿಲ್ಲದ ಮುದುಕಿ. ಬುಟ್ಟಿಯಲ್ಲಿದ್ದ ಹಣ್ಣು ಕಂಡು ಒಂದನ್ನು ಹಿಸುಕಿ ಚೀಪಿದಳು. ವಾಟೆ ಬೆಳ್ಳಗಾಗುವವರೆಗೂ ಬಿಡಲಿಲ್ಲ. ಇನ್ನೊಂದು ಕೇಳಿ ತಿಂದಳು. ಆಮೇಲೆ ಕೊಡಲಿ ಕಣ್ಣಿಗೆ ಬಿದ್ದು ಏನೆಂದು ವಿಚಾರಿಸಿದಳು. ಹೆಂಗಸು ಅಳುತ್ತಲೇ ಎಲ್ಲ ಹೇಳಿದಳು.

"ಅಯ್ಯೋ ಹುಚ್ಚಿ," ಎಂದಳು ಮುದುಕಿ. "ನಿಮ್ಮವ್ವನೂ ಹಿಂಗೇ ಅತ್ತಿದ್ಲು. ಅವಳೂ ನಮ್ಮ ತವರಿನ ಮರದ ವಾಟೆ ತಂದು ಹಾಕಿದ್ಲು. ಹಣ್ಣು ಬಿಟ್ಟಾಗ, ಇದು ನಮ್ಮವ್ವನ ಹಣ್ಣಲ್ಲ ಅಂತ ಒಂದನ್ನೂ ಬಾಯಿಗೆ ಹಾಕ್ಲಿಲ್ಲ. ಕಡಿಸ್ತೀನಿ ಅಂತ ಹಟ ಹಿಡಿದಿದ್ಲು. ನೀನು ಹೊಟ್ಟೇಲಿದ್ದೆ. ಬಸುರಿ ಇರೋ ಮನೇಲಿ ಮರ ಕಡೀಬಾರ್ದು ಅಂತ ಹಿರಿಯರು ಬಿಡ್ಲಿಲ್ಲ. ಇಲ್ದಿದ್ರೆ ಆ ಹಣ್ಣು ನೀನೆಲ್ಲಿ ತಿಂತಿದ್ದೆ?"

ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ಅಜ್ಜಿ ಮರದ ಹಣ್ಣು ಹೆಂಗಿತ್ತು ದೊಡ್ಡವ್ವ?"

ಮುದುಕಿ ನೆನೆಸಿಕೊಂಡಳು. "ಹೆಂಗೆ ಅಂತ ಹೇಳ್ಲವ್ವ? ನೀನು ಅದನ್ನ ತಿಂದೇ ಇಲ್ವಲ್ಲ."

ಹೆಂಗಸು ತಿರುಗಿ ನೋಡಿದಳು. ಮರದ ಬುಡದಲ್ಲಿ ಅವಳ ಮಗಳು ಕೂತು ಹಣ್ಣು ತಿನ್ನುತ್ತಿದ್ದಳು. ರಸ ಮೊಣಕೈವರೆಗೂ ಇಳಿದಿತ್ತು. ಆ ಮಗು ತನ್ನ ಅಜ್ಜಿಯ ಹಣ್ಣು ಕಂಡದ್ದಿಲ್ಲ. ಅದಕ್ಕೆ ಮಾವಿನ ಹಣ್ಣು ಎಂದರೆ ಇದೇ.

ಅವಳು ಗಂಡನ ಕೈಯಿಂದ ಕೊಡಲಿ ತೆಗೆದು ಗೋಡೆಗೆ ಒರಗಿಸಿದಳು. ಟೊಮೇಟೊ ಮಡಕೆಗಳನ್ನು ಒಂದೊಂದಾಗಿ ಹೊತ್ತು ಬೀದಿಯ ಕಡೆಯ ಜಗಲಿಗೆ ಸಾಗಿಸಿದಳು. ಅಲ್ಲಿ ಬಿಸಿಲಿತ್ತು. ಇಷ್ಟು ವರ್ಷ ಅದು ಅವಳಿಗೆ ಹೊಳೆದಿರಲಿಲ್ಲ. ಆ ದಿನ ಉಳಿದಿದ್ದ ನಾಲ್ಕು ಟೊಮೇಟೊ ಕಿವುಚಿ, ಬೀಜ ಎತ್ತಿಟ್ಟುಕೊಂಡು, ತಾಯಿಯ ಸಾರು ಮಾಡಿದಳು. ಊಟದ ಕೊನೆಗೆ ತನ್ನ ಮರದ ಹಣ್ಣು ಕೊಯ್ದು ಎಲ್ಲರಿಗೂ ಹಂಚಿದಳು. ತಾನೂ ತಿಂದಳು.

ಗುರುಗಳು ಕೊನೆಯ ಗಿಡ ಕಟ್ಟಿ ಮುಗಿಸಿದರು. ಹಿತ್ತಲಿನ ಮೂಲೆಯಲ್ಲಿದ್ದ ಮಾವಿನ ಮರದ ಕಡೆ ತಲೆಯೆತ್ತಿ ನೋಡಿದರು. ಅವರ ದನಿ ತಗ್ಗಿತು.

"ವಾಟೆಯಿಂದ ಎದ್ದ ಪ್ರತಿಯೊಂದು ಮಾವೂ ಹೊಸದು ಗುರುಮಲ್ಲ. ಅದರ ಮೊದಲ ಹಣ್ಣು ಬಾಯಿಗಿಡುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆ ರುಚಿ ಅದಕ್ಕೆ ಮೊದಲು ಈ ಭೂಮಿಯ ಮೇಲೆ ಇರಲೇ ಇಲ್ಲ. ಯಾವ ರಾಜನೂ ಅದನ್ನು ತಿಂದಿರಲಿಲ್ಲ, ಯಾವ ದೇವರಿಗೂ ಅದು ನೈವೇದ್ಯವಾಗಿರಲಿಲ್ಲ."

ಗುರುಮಲ್ಲನೂ ಆ ಮರವನ್ನು ನೋಡಿದ. ಆದರೂ ಅವನ ಅಳುಕು ಪೂರ್ತಿ ಹೋಗಿರಲಿಲ್ಲ.

"ಆ ಊರಿನವರು ನನ್ನಲ್ಲಿ ನಿಮ್ಮನ್ನೇ ಹುಡುಕುತ್ತಾರೆ ಬುದ್ಧಿ. ಸಿಗದಿದ್ದರೆ ಏನು ಹೇಳಲಿ?"

ಗುರುಗಳು ದಾರದ ಉಂಡೆಯನ್ನು ಅವನ ಕೈಯಲ್ಲಿಟ್ಟರು.

"ನನ್ನಲ್ಲೂ ಜನ ಹೀಗೇ ಹುಡುಕಿದ್ದರು. ನೀನು ನನ್ನ ಗುರುಗಳನ್ನು ನೋಡಿಲ್ಲ."