ಜಾರುಕೋಣೆಯ ಅವಸರ

ಮನೆಯನ್ನೇ ಹೊತ್ತು ತಿರುಗುವ ಮೋಟಾರು ಗಾಡಿಯೊಂದು ಸಂಜೆ ಗುಡ್ಡದ ಇಳಿಜಾರಿನಲ್ಲಿ ನಿಂತಿತು. ಮೇಜಿನ ಡ್ರಾಯರಿನಂತೆ ಅದರ ಪಕ್ಕದಿಂದ ಹೊರಕ್ಕೆ ಸರಿಯುವ ಜಾರುಕೋಣೆಗೆ ದಾರಿಯುದ್ದಕ್ಕೂ ಮುದುಡಿ ಕೂತು ಸಾಕಾಗಿಹೋಗಿತ್ತು.

"ನಾನು ಹೊರಟೆ," ಎಂದಿತು.

"ತಾಳು," ಎಂದಿತು ಗಾಡಿಯನ್ನು ಎತ್ತಿ ಮಟ್ಟಮಾಡಲು ಅದರಡಿಯಲ್ಲಿದ್ದ ಜಾಕಿಗಳಲ್ಲೊಂದು. "ನಾವಿನ್ನೂ ಕಾಲೂರಿಲ್ಲ, ಗಾಡಿ ಮಟ್ಟಕ್ಕೆ ಬಂದಿಲ್ಲ."

"ನಾನು ಹೊರಬಂದರೇ ಈ ಗಾಡಿ ಮನೆಯಾಗುವುದು. ಅಡಿಯಲ್ಲಿ ನೇತಾಡುವವರ ಅಪ್ಪಣೆ ನನಗೆ ಬೇಕಿಲ್ಲ!"

ಹಾಗೆಂದು ಮುನ್ನುಗ್ಗಿದ ಜಾರುಕೋಣೆ ಅರ್ಧದಲ್ಲೇ ಕಿರ್ರೆಂದು ಸಿಕ್ಕಿಕೊಂಡಿತು. ಗಾಡಿ ಇನ್ನಷ್ಟು ವಾಲಿತು. ಒಳಗೆ ಗಾಡಿಯ ಒಡತಿ ಕಾವಲಿಗೆ ಹುಯ್ದ ದೋಸೆಹಿಟ್ಟು ಒಂದೇ ಅಂಚಿಗೆ ಹರಿದು ಒಲೆಯ ಮೇಲೆ ತೊಟ್ಟಿಕ್ಕಿತು.

"ಈಗೇನು ಮಾಡಲಿ?" ಎಂದಿತು ಜಾರುಕೋಣೆ.

"ಮೊದಲು ಒಳಗೆ ಹೋಗು."

ಜಾರುಕೋಣೆ ತೆಪ್ಪಗೆ ಒಳಗೆ ಹೋಯಿತು. ಜಾಕಿ ತನ್ನ ಒಡಹುಟ್ಟಿದವರೊಡನೆ ಕಾಲೂರಿ ಗಾಡಿಯನ್ನು ಸಮಕ್ಕೆ ಎತ್ತಿತು. ಮುಂದಿನ ದೋಸೆ ದುಂಡಗೆ ಹರಡಿತು. ಜಾರುಕೋಣೆಯೂ ಬೆಣ್ಣೆಯ ಮೇಲೆ ಸರಿದಂತೆ ಹೊರಬಂದು, "ನೋಡಿದಿರಾ, ಎಷ್ಟು ಜಾಗ ಮಾಡಿಕೊಟ್ಟೆ!" ಎಂದು ಬೀಗಿತು.

ಬೆಳಗ್ಗೆ ಹೊರಡುವ ಹೊತ್ತಿಗೆ ಜಾಕಿ ಆಕಳಿಸಿತು. "ನಿಂತು ನಿಂತು ಕಾಲು ಸೋತಿದೆ. ಮೊದಲು ನಾನು ಕಾಲು ಮಡಚುತ್ತೇನೆ."

"ಅಯ್ಯಯ್ಯೋ, ತಾಳು ಮಾರಾಯ!" ಹೊರಗೆ ಗಾಳಿಯಲ್ಲಿ ಚಾಚಿಕೊಂಡಿದ್ದ ಜಾರುಕೋಣೆ ಕೂಗಿಕೊಂಡಿತು. "ನಾನು ಒಳಗೆ ಬಂದ ಮೇಲೆಯೇ ನೀನು ಕಾಲೆತ್ತಬೇಕು. ಎಲ್ಲಕ್ಕೂ ಒಂದು ಕ್ರಮ ಬೇಡವೇ?"

"ಈ ಕ್ರಮ ನಿನ್ನೆ ಎಲ್ಲಿ ಹೋಗಿತ್ತು?" ಜಾಕಿ ನಕ್ಕಿತು.

"ನಿನ್ನೆ ಅವಸರ ನನ್ನದಾಗಿತ್ತಲ್ಲ!" ಎಂದಿತು ಜಾರುಕೋಣೆ.