ನೂಲು ಬಿಡು, ಕೈ ಬಿಡಬೇಡ

"ಕೇಳಿರಯ್ಯಾ ಕೇಳಿ! ಅಳಿವೆಕೋಟೆಯ ಕಾಮರಸ ಒಡೆಯರ ಅಪ್ಪಣೆ! ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಪದ್ಮಲೆ, ಜೊತೆಗೆ ಅರ್ಧ ರಾಜ್ಯ! ತಪ್ಪಿದವನಿಗೆ ಸೆರೆಮನೆ, ಅಮಾವಾಸ್ಯೆಯ ದಿನ ತಲೆದಂಡ!"

ಡಂಗುರದ ಸದ್ದು ಹೊಳೆಬಾಯಿಯವರೆಗೂ ಕೇಳಿಸಿತು. ಅರ್ಧ ರಾಜ್ಯ ಅಂದರೆ ಯಾರಿಗೆ ಬೇಡ? ಆದರೆ ಈ ರಾಜನಿಗೆ ಮಗಳನ್ನು ಕೊಡುವ ಮನಸ್ಸೇ ಇರಲಿಲ್ಲ, ಅದು ಊರಿಗೆಲ್ಲ ಗೊತ್ತು. ರಾಣಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಎರಡೇ ಸುಖ. ಹೊಳೆಯಲ್ಲಿ ಗಾಳ ಹಾಕುವುದು, ದೋಣಿಯಲ್ಲಿ ಎದುರಿಗೆ ಮಗಳು ಕೂತಿರುವುದು. ಅವಳು ಗಂಡನ ಮನೆಗೆ ಹೋದರೆ ಎದುರಿಗೆ ಕೂರುವವರು ಯಾರು? ಅದಕ್ಕೇ ಈ ಒಗಟು, ಈ ತಲೆದಂಡ. ಸಂಕಟ ರಾಜನದು, ಕುತ್ತಿಗೆ ಕಂಡವರದು!

ಹೊಳೆದಂಡೆಯ ಹಮ್ಮಣ್ಣ ಬಲೆ ಬೀಸುವವ. ಅವನ ತಮ್ಮ ನಾರ್ಣ ಗಾಳ ಹಾಕುವವ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಗಂಜಿ ಕುಡಿಸಿ ಸಾಕಿದವನು ಹಮ್ಮಣ್ಣನೇ. ಮನಸ್ಸು ಬೆಣ್ಣೆ, ಆದರೆ ಬಾಯಿ ಮುಂದು. "ಒಗಟಂತೆ ಒಗಟು! ನೋಡ್ತಾ ಇರು" ಅಂತ ಅರಮನೆಗೆ ಹೋದವನು ಮೊದಲ ಒಗಟಿಗೇ "ಬಲೆ" ಅಂದ. ಅವನಿಗೆ ಲೋಕದಲ್ಲಿ ಎಲ್ಲದಕ್ಕೂ ಉತ್ತರ ಬಲೆಯೇ. ಸೆರೆಮನೆ ಸೇರಿದ.

ನಾರ್ಣ ಅನ್ನದ ತಟ್ಟೆ ಪಕ್ಕಕ್ಕಿಟ್ಟು ಎದ್ದ. ರಾಜಕುಮಾರಿ ಬೇಡ, ರಾಜ್ಯ ಬೇಡ, ಅವನಿಗೆ ಅಣ್ಣ ಬೇಕು. ನಾಳೆಯೇ ಅಮಾವಾಸ್ಯೆ. ಮೀನಿನ ವಾಸನೆಯ ಪಂಚೆಯಲ್ಲೇ ಅರಮನೆಗೆ ನಡೆದ, ಹಮ್ಮಣ್ಣನ ತಮ್ಮ ಅಂತ ಹೆಸರು ಬರೆಸಿದ.

ಸಭೆಯಲ್ಲಿ ಆಗಲೇ ಇಬ್ಬರು ನಿಂತಿದ್ದರು, ಘಟ್ಟದ ಮೇಲಿನ ಒಬ್ಬ ರಾಜಕುಮಾರ ಮತ್ತು ಪೇಟೆಯ ಒಬ್ಬ ಸಾಹುಕಾರನ ಮಗ. ಉತ್ತರ ಹೊಳೆದವರು ಮುಂದೆ ಬಂದು ಹೇಳಬೇಕು ಅಂತ ನಿಯಮ. ರಾಜ ಮೊದಲನೆಯದನ್ನು ಕೇಳಿದ.

"ಉಣ್ಣಲು ಕೂತ ನೆಂಟನೇ ಊಟವಾಗುತ್ತಾನೆ, ಬಡಿಸಿದವನು ಉಣ್ಣುತ್ತಾನೆ. ಏನದು?"

"ರಣರಂಗ!" ಅಂತ ರಾಜಕುಮಾರ ಮೀಸೆ ತಿರುವಿದ. ಭಟರು ಅವನ ರಟ್ಟೆ ಹಿಡಿದು ಎಳೆದೊಯ್ದರು. ನಾರ್ಣ ಅದನ್ನು ಕಣ್ಣಾರೆ ಕಂಡ. ಆದರೂ ಮುಂದೆ ಬಂದ.

"ಗಾಳಕ್ಕೆ ಸಿಕ್ಕಿಸಿದ ಎರೆ, ಒಡೆಯಾ."

"ಎಂಥ ಎರೆ ಹಾಕ್ತೀಯೋ ನೀನು?" ರಾಜ ಸಿಂಹಾಸನದಿಂದ ಮುಂದಕ್ಕೆ ಬಾಗಿದ.

"ಜೀವಂತ ಸಿಗಡಿ. ಬಾಲದ ಹತ್ತಿರ ಚುಚ್ಚಬೇಕು. ತಲೆಗೆ ಚುಚ್ಚಿದ್ರೆ ಸತ್ತೇ ಹೋಗ್ತದೆ. ನೀರಲ್ಲಿ ಅದು ಒದ್ದಾಡಿದ್ರೆ ತಾನೇ ಕೆಂಬೇರಿ ಮೀನು ಬಂಡೆ ಸಂದಿಯಿಂದ ಹೊರಗೆ ಬರೋದು?"

"ಅಯ್ಯೋ, ನಾನು ತಲೆಗೇ ಚುಚ್ತಿದ್ದೆನಲ್ಲ!" ಅಂದುಬಿಟ್ಟ ರಾಜ. ಪಕ್ಕದಲ್ಲಿ ಕೂತಿದ್ದ ಮಗಳು ಸೆರಗು ಬಾಯಿಗೆ ಹಿಡಿದು ನಕ್ಕಳು. ರಾಜ ಕೆಮ್ಮಿ ನೆಟ್ಟಗೆ ಕೂತ.

"ಎರಡನೆಯದು. ಗಂಡ ಹೆಂಡತಿ ದಿನವೂ ತಳ್ಳಾಡುತ್ತಾರೆ. ಇಬ್ಬರೂ ಸುಮ್ಮನಾದ ಗಳಿಗೆಯಲ್ಲಿ ಕಳ್ಳ ಮನೆಗೆ ನುಗ್ಗುತ್ತಾನೆ. ಯಾವುದು ಆ ಗಳಿಗೆ?"

"ನಡುರಾತ್ರಿ!" ಅಂದ ಸಾಹುಕಾರನ ಮಗ. ಅವನೂ ಹೋದ.

ನಾರ್ಣ ಯೋಚಿಸಿದ. ಅಳಿವೆಯಲ್ಲಿ ಹೊಳೆ ಸಮುದ್ರವನ್ನು ತಳ್ಳುತ್ತದೆ, ಸಮುದ್ರ ಹೊಳೆಯನ್ನು ತಳ್ಳುತ್ತದೆ. "ಉಬ್ಬರ ಮುಗಿದು ಇಳಿತ ಶುರುವಾಗೋ ಮುಂಚೆ ನೀರು ನಿಲ್ತದಲ್ಲ ಒಡೆಯಾ, ಅದೇ ಗಳಿಗೆ. ಕಳ್ಳ ಅಂದ್ರೆ ಮೀನು ಹಿಡಿಯೋ ನಾವೇ. ಬೇರೆ ಹೊತ್ತಲ್ಲಿ ಸೆಳೆತಕ್ಕೆ ಸೀಸದ ಗುಂಡು ಕಟ್ಟಿದ ಗಾಳವೂ ಕೊಚ್ಚಿಹೋಗ್ತದೆ. ಆಗ ಮಾತ್ರ ತಳದಲ್ಲಿ ಕೂರ್ತದೆ."

ಸಭೆ ಗುಸುಗುಸು ಅಂದಿತು. ರಾಜನ ಮುಖ ಸಣ್ಣದಾಯಿತು. ಇನ್ನೊಂದೇ ಒಗಟು, ಅದೂ ಹೋದರೆ ಮಗಳು ಹೋದಳು.

"ಮೂರನೆಯದು. ಎಳೆದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ."

"ಗಾಳಕ್ಕೆ ಬಿದ್ದ ದೊಡ್ಡ ಮೀನು, ಒಡೆಯಾ."

"ಹಾಗಾದರೆ ಬಿಟ್ಟುಬಿಟ್ಟರೆ ಸಾಕೋ? ಮೀನು ತಾನಾಗಿ ಬಂದು ದೋಣಿ ಹತ್ತುತ್ತದೋ?" ರಾಜನ ದನಿ ಏರಿತು. "ಸರಿಯಾಗಿ ಹೇಳು! ಇಲ್ಲದಿದ್ದರೆ ನೀನೂ ನಾಳೆ ಅಣ್ಣನ ಪಕ್ಕದಲ್ಲೇ!"

ನಾರ್ಣ ಒಂದು ಹೆಜ್ಜೆ ಮುಂದಿಟ್ಟ. ಬರೀ ಬಾಯಲ್ಲಿ ಹೇಳಲು ತಿಳಿಯದೆ ಗಾಳದ ನೂಲು ಹಿಡಿದವನ ಹಾಗೆ ಕೈ ಚಾಚಿದ.

"ಅದು ಓಡುವಾಗ ನೂಲು ಬಿಡಬೇಕು. ದಣಿದಾಗ ಎಳ್ಕೊಬೇಕು. ಆದ್ರೆ ಬಿಡುವಾಗಲೂ ನೂಲು ಬೆರಳಿಗೆ ತಾಗ್ತಾ ಇರ್ಬೇಕು, ಸಡಿಲಾಯ್ತೋ ಗಾಳ ಕಳಚ್ಕೊಂಡು ಹೋಗ್ತದೆ. ನೂಲು ಬಿಡಬೇಕು ಒಡೆಯಾ, ಕೈ ಬಿಡಬಾರದು."

ಪದ್ಮಲೆ ಎದ್ದು ಬಂದು ಅಪ್ಪನ ಪಾದದ ಬಳಿ ಕೂತಳು.

"ಅಪ್ಪಯ್ಯ, ನೀವು ಎಳೀತಾನೇ ಇದ್ದೀರಿ" ಅಂದಳು ಮೆಲ್ಲಗೆ.

ರಾಜನ ಕಣ್ಣು ತುಂಬಿತು. ಸಭೆಯೆದುರೇ ಅತ್ತ, ನಾಚಿಕೆಪಡಲಿಲ್ಲ. "ಸರಿ ಹೇಳಿದೆಯಪ್ಪ. ಏನು ಬೇಕೋ ಕೇಳು."

"ನಮ್ಮಣ್ಣಯ್ಯ ಬೇಕು. ಸೆರೆಯಲ್ಲಿ ಜೊತೆಗಿದ್ದವರೂ ಪಾಪ, ಮನೆಗೆ ಹೋಗ್ಲಿ."

ಸೆರೆಮನೆಯ ಬಾಗಿಲು ತೆರೆಯಿತು. ಹಮ್ಮಣ್ಣ ಓಡಿಬಂದು ತಮ್ಮನನ್ನು ತಬ್ಬಿಕೊಂಡು ಗಳಗಳ ಅತ್ತ. ಅಳುತ್ತಲೇ ಕೇಳಿದ, "ಮೂರನೇದಾದ್ರೂ ಬಲೆ ಹೌದಾ ಇಲ್ವಾ, ಮಾರಾಯಾ?"

"ಮತ್ತೆ ನನ್ನ ಮಗಳು?" ಅಂದ ರಾಜ.

"ಅದನ್ನ ಅವರನ್ನೇ ಕೇಳ್ಬೇಕಲ್ಲ ಒಡೆಯಾ" ಅಂತ ನಾರ್ಣ ತಲೆ ತಗ್ಗಿಸಿದ. ಮುಖವೆಲ್ಲ ಕೆಂಪಾಗಿತ್ತು.

ಪದ್ಮಲೆಗೆ ನಗು ತಡೆಯಲಾಗಲಿಲ್ಲ. "ನನ್ನನ್ನು ಕೇಳಿದವರು ಇವರೊಬ್ಬರೇ ಅಪ್ಪಯ್ಯ. ನಾನು ಒಪ್ಪಿದೆ."

ಮದುವೆ ಆಯಿತು. ಮಗಳು ದೋಣಿ ಹತ್ತಿ ಹೊಳೆಯಾಚೆಯ ಗಂಡನ ಮನೆಗೆ ಹೊರಟಾಗ ರಾಜ ಮೊಣಕಾಲು ನೀರಿನವರೆಗೆ ಇಳಿದು ಬಂದ. ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಅವನೇ ದೋಣಿಯನ್ನು ಮುಂದಕ್ಕೆ ತಳ್ಳಿದ.

"ನೀರು ನಿಲ್ಲೋ ಹೊತ್ತಿಗೆ ನಾಳೆ ಬಾ ಮಗಳೇ" ಅಂದ. "ಸಿಗಡಿ ನಾನೇ ತರ್ತೇನೆ."

ಅವರಿಗೆ ಮೀನು ಸಿಕ್ಕಿತು, ನಮಗೆ ಕತೆ ಸಿಕ್ಕಿತು.